ಕಾಡಿಗೆ ಹೊರಟ ಕರೆಂಟು

ಬೇಸಿಗೆ ರಜೆ ಬಂತೆಂದರೆ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಮಂದಿ ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಯೊಸೆಮಿಟಿ ಹಾದಿ ಹಿಡಿಯುತ್ತಾರೆ. ಕೇಳಿದರೆ, "ಎರಡು ದಿನ ಎಲ್ಲಾ ಬಿಟ್ಟು ಕಾಡಲ್ಲಿ ಇದ್ದು ಬರೋಣ ಅಂತ" ಎನ್ನುತ್ತಾರೆ. ಏನೇನು ಬಿಟ್ಟಿರಬಹುದು ಎಂದು ಟ್ರೇಲರಿನೊಳಗೆ ಇಣುಕಿದರೆ ಮೈಕ್ರೋವೇವ್ ಇದೆ, ಇನ್‌ಸ್ಟಂಟ್ ಪಾಟ್ ಇದೆ, ಕಾಫಿ ಮೇಕರ್ ಇದೆ, ಹೇರ್ ಡ್ರೈಯರ್ ಇದೆ, 110 ವೋಲ್ಟಿನ ಮಿಕ್ಸಿ ಇದೆ, ದೋಸೆ ಹಿಟ್ಟಿನ ಡಬ್ಬವೂ ಇದೆ. ಬಿಟ್ಟು ಬಂದದ್ದು ಗೋಡೆಯ ಪ್ಲಗ್ ಪಾಯಿಂಟ್ ಒಂದನ್ನೇ. ಯೊಸೆಮಿಟಿ ಪಾರ್ಕಿನ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಗಾಡಿಗೆ ಕರೆಂಟ್ ಕೊಡುವುದಿಲ್ಲ. ಅದಕ್ಕೇ ಜನರೇಟರ್ ಬೇಕು.

ಬೇಕು ಸರಿ, ಎಷ್ಟು ವಾಟಿನದು? ಮನೆಯ ಯಜಮಾನರು ಸಾಫ್ಟ್‌ವೇರಿನವರಾದರೆ ತಕ್ಷಣ ಎಕ್ಸೆಲ್ ಶೀಟ್ ತೆರೆಯುತ್ತದೆ. ಮುಂಭಾಗದಲ್ಲಿ 1000 ಎಂದು ಬರೆದುಕೊಂಡ ಮೈಕ್ರೋವೇವ್ ಎಳೆಯುವುದು 1500ರ ಹತ್ತಿರ. ಹೇರ್ ಡ್ರೈಯರ್ 1500, ಇನ್‌ಸ್ಟಂಟ್ ಪಾಟ್ 1000, ಕಾಫಿಗೆ 900, ಮಿಕ್ಸಿಗೆ 550. ಕೂಡಿಸಿದರೆ 5,450. ಎಸಿ ಇನ್ನೂ ಪಟ್ಟಿಗೇ ಬಂದಿಲ್ಲ. "ಏಳು ಸಾವಿರ ವಾಟಿಂದು ತಗೊಳ್ಳೋದು ಸೇಫು" ಎಂಬ ತೀರ್ಮಾನಕ್ಕೆ ಯಜಮಾನರು ಬರುವ ಹೊತ್ತಿಗೆ ಅಡುಗೆಮನೆಯಿಂದ ಒಂದು ಪ್ರಶ್ನೆ ತೇಲಿ ಬರುತ್ತದೆ: "ರೀ, ಚಟ್ನಿ ರುಬ್ಬುತ್ತಾ ರುಬ್ಬುತ್ತಾ ನಾನು ತಲೆ ಒಣಗಿಸ್ಕೋತೀನಾ?"

ಜನರೇಟರ್ ಕೊಳ್ಳುವ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಇಡೀ ಶೀಟಿನಲ್ಲಿ ಒಂದೇ ಸಲಕ್ಕೆ ಓಡಬೇಕಾದವು ಒಂದೋ ಎರಡೋ. ಅದಿರಲಿ, ಸಾಮಾನ್ಯ ಟ್ರೇಲರಿನ ಪ್ಲಗ್ಗು 30 ಆಂಪಿನದು. 120 ವೋಲ್ಟಿಗೆ ಲೆಕ್ಕ ಹಾಕಿದರೆ 3,600 ವಾಟ್. ಏಳು ಸಾವಿರದ್ದು ತಂದು ಪಕ್ಕದಲ್ಲಿ ಕೂರಿಸಿದರೂ ಆ ವೈರು 3,600ರ ಮೇಲೆ ಒಂದು ವಾಟನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬ್ರೇಕರ್ ಬೀಳುತ್ತದೆ.

ಅಂಗಡಿಗೆ ಹೋದರೆ ಅಂಕಿಯ ಇನ್ನೊಂದು ಆಟ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವಾಟು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಹೇಳುವ ಸಂಬಳವಿದ್ದ ಹಾಗೆ. ತಿಂಗಳ ಕೊನೆಗೆ ಕೈಗೆ ಬರುವುದು ಬೇರೆ. ಟ್ರೇಲರಿನವರ ಬಾಯಲ್ಲೆಲ್ಲ ಓಡಾಡುವ ಹೋಂಡಾ ಇಯು2200ಐ ಇದೆಯಲ್ಲ, ಅದರ 2,200 ವಾಟ್ ಒಂದು ಕ್ಷಣದ ಏರಿಕೆಗೆ ಮಾತ್ರ. ನಿಂತು ದುಡಿಯುವುದು 1,800ಕ್ಕೆ. ಅದೂ ಸಮುದ್ರಮಟ್ಟದಲ್ಲಿ! ಮೇಲೆ ಹತ್ತಿದಂತೆ ಗಾಳಿ ತೆಳುವಾಗಿ ಎಂಜಿನ್ನು ಏದುಸಿರು ಬಿಡುತ್ತದೆ. ಸಾವಿರ ಅಡಿಗೆ ಹೆಚ್ಚುಕಡಿಮೆ ಶೇಕಡಾ 3.5ರಷ್ಟು ಶಕ್ತಿ ಖೋತಾ. ಯೊಸೆಮಿಟಿಯ ಮೇಲ್ಭಾಗದ ತುವಾಲಮಿ ಮೆಡೋಸ್ ಸುಮಾರು 8,600 ಅಡಿ ಎತ್ತರದಲ್ಲಿದೆ. ಅಲ್ಲಿ 1,800 ಎನ್ನುವುದು 1,260ಕ್ಕೆ ಇಳಿದಿರುತ್ತದೆ. ಕೆಳಗೆ ಸಲೀಸಾಗಿ ಓಡುತ್ತಿದ್ದ ಮೈಕ್ರೋವೇವು ಮೇಲೆ ಹೋದಾಗ ಯಾಕೆ ಮುನಿಸಿಕೊಂಡಿತು ಎಂದು ಪಾಪ, ಅದನ್ನೇ ಬಡಿಯುತ್ತಾರೆ.

ಈ ಹೋಂಡಾದಂಥ ಇನ್ವರ್ಟರ್ ಜನರೇಟರೇ ಯಾಕೆ ಎಂದರೆ, ಹಳೇ ತರಹದ್ದಕ್ಕೆ ಸಣ್ಣ ದನಿಯಲ್ಲಿ ಮಾತಾಡಲು ಬರುವುದಿಲ್ಲ. 60 ಹರ್ಟ್ಸ್ ಕರೆಂಟ್ ಕೊಡಬೇಕಾದರೆ ಅದರ ಎಂಜಿನ್ನು ನಿಮಿಷಕ್ಕೆ 3,600 ಸುತ್ತು ಸುತ್ತಲೇಬೇಕು, ನೀವು ಎಸಿ ಹಾಕಿ, ಮೊಬೈಲ್ ಚಾರ್ಜಿಗಿಡಿ. ಇನ್ವರ್ಟರಿನದು ತಾನು ಹುಟ್ಟಿಸಿದ ಕರೆಂಟನ್ನು ಮೊದಲು ಡಿಸಿ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ಸಿನಿಂದ ಅಚ್ಚುಕಟ್ಟಾಗಿ ಮತ್ತೆ ಎಸಿ ಮಾಡಿ ಕೊಡುತ್ತದೆ. ಹಾಗಾಗಿ ಕೆಲಸ ಕಡಿಮೆಯಿದ್ದಾಗ ಎಂಜಿನ್ನು ನಿಧಾನಿಸಬಹುದು. ಪೆಟ್ರೋಲು ಉಳಿಯಿತು, ಸದ್ದು ಇಳಿಯಿತು, ಲ್ಯಾಪ್‌ಟಾಪೂ ಬದುಕಿತು.

ಸದ್ದಿನ ವಿಚಾರದಲ್ಲಿ ನಮ್ಮ ಕಿವಿ ಕೊಂಚ ವಿಶೇಷವೇ. ಲೋಡ್ ಶೆಡ್ಡಿಂಗಿನ ಕಾಲದಲ್ಲಿ ಬೆಳೆದವರಿಗೆ ಜನರೇಟರಿನ ಸದ್ದು ಸದ್ದೇ ಅಲ್ಲ, ಶುಭಸಮಾಚಾರ. ಸಂಜೆ ಏಳಕ್ಕೆ ಬೀದಿ ಪೂರ್ತಿ ಕತ್ತಲಾಗಿ, ಜೆರಾಕ್ಸ್ ಅಂಗಡಿಯ ಹುಡುಗ ಫುಟ್‌ಪಾತಿನ ಮೇಲೆ ಹಗ್ಗ ಎಳೆದು ಅದು ಡುಗುಡುಗು ಎಂದಿತೆಂದರೆ ನಾಳೆಯ ಪರೀಕ್ಷೆಯ ನೋಟ್ಸು ಸಿಕ್ಕಿತು ಎಂದರ್ಥ. ಕಲ್ಯಾಣ ಮಂಟಪದ ಹಿಂದೆ ಡೀಸೆಲ್ ಜನರೇಟರ್ ಗುಡುಗಿದರೆ ಧಾರೆಗೆ ಮೈಕ್ ಬಂತು. ಈ ಕಿವಿಯನ್ನು ಹೊತ್ತು ಅಮೆರಿಕದ ಕಾಡಿಗೆ ಹೋದವರಿಗೆ, ಪಕ್ಕದ ಟೆಂಟಿನವನು ಯಾಕೆ ಮುಖ ಗಂಟಿಕ್ಕಿದ ಎಂದೇ ಹೊಳೆಯುವುದಿಲ್ಲ. ಹೋಂಡಾ ಕರಪತ್ರದಲ್ಲಿ 48 ಡೆಸಿಬಲ್ ಅಂತ ಇದೆಯಲ್ಲ ಸ್ವಾಮಿ ಎಂದು ವಾದಕ್ಕಿಳಿಯುತ್ತಾರೆ. ಅದು ಕಾಲುಭಾಗ ಲೋಡಿನಲ್ಲಿ ಅಳೆದದ್ದು. ಪೂರ್ತಿ ದುಡಿಸಿದರೆ 57. ಡೆಸಿಬಲ್ ಹತ್ತು ಏರಿದರೆ ಕಿವಿಗೆ ಸದ್ದು ಸರಿಸುಮಾರು ಇಮ್ಮಡಿ.

ಇನ್ನು ಪಾರ್ಕಿನವರ ಪಂಚಾಂಗ. ಯೊಸೆಮಿಟಿಯಲ್ಲಿ ಜನರೇಟರ್ ಹಾಕಬಹುದಾದ ಹೊತ್ತು ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಅದನ್ನೂ ಮಿತವಾಗಿ ಬಳಸಿ ಎನ್ನುತ್ತಾರೆ. ದೋಸೆಗೆ ಚಟ್ನಿ ಬೇಕೆಂದರೆ ಒಂಬತ್ತರೊಳಗೆ ಎದ್ದು ರುಬ್ಬಬೇಕು. ಏಳಕ್ಕೆ ಮೊದಲೂ ಇಲ್ಲ. ರಜೆಯಲ್ಲಿ ಹತ್ತಕ್ಕೆ ಏಳುವ ಸಂಸಾರಕ್ಕೆ ಚಟ್ನಿಪುಡಿಯೇ ಗತಿ.

ಏಳು ಸಾವಿರ ವಾಟಿನ ಕನಸು ಒಡೆಯುವುದೂ ಇಲ್ಲಿಯೇ. ರಾತ್ರಿ ಎಸಿ ಹಾಕಿಕೊಂಡು ಮಲಗೋಣ ಎಂದಲ್ಲವೇ ಅಷ್ಟು ದೊಡ್ಡದು? ರಾತ್ರಿ ಹಾಕಲು ಬಿಟ್ಟರೆ ತಾನೆ! ಮೇಲಾಗಿ ಆ ಎತ್ತರದಲ್ಲಿ ರಾತ್ರಿ ಬೇಕಾಗುವುದು ರಗ್ಗು. ಹೀಟರ್ ಉರಿಯುವುದು ಪ್ರೊಪೇನಿನಿಂದ, ಅದರ ಫ್ಯಾನು ತಿರುಗುವುದು ಟ್ರೇಲರಿನ 12 ವೋಲ್ಟ್ ಬ್ಯಾಟರಿಯಿಂದ. ಬಹಳಷ್ಟು ಟ್ರೇಲರುಗಳ ಫ್ರಿಜ್ಜೂ ಪ್ರೊಪೇನಿಗೆ ಒಗ್ಗಿದ್ದೇ. ಅಂದಮೇಲೆ ಜನರೇಟರಿನ ಕೆಲಸ ಆ ಎರಡೆರಡು ಗಂಟೆಯಲ್ಲಿ ಬ್ಯಾಟರಿ ತುಂಬುವುದು, ಅಷ್ಟರಲ್ಲೇ ಮಿಕ್ಸಿ ತಿರುಗಿಸುವುದು. ಅದಕ್ಕೆ ಚಿಕ್ಕದೊಂದು ಸಾಕೋ ಸಾಕು.

ಎಸಿ ಬೇಕಾಗುವ ಊರುಗಳಿಲ್ಲವೆಂದಲ್ಲ. ಅರಿಜೋನಾದ ಮರುಭೂಮಿಗೆ ಮೇ ತಿಂಗಳಲ್ಲಿ ಹೋಗುವ ಧೈರ್ಯಸ್ಥರಿಗೆ ಅದು ಬೇಕೇ ಬೇಕು. ಟ್ರೇಲರಿನ ನೆತ್ತಿಯ ಮೇಲಿನ 13,500 ಬಿಟಿಯು ಎಸಿ ಓಡುವಾಗ 1,500 ವಾಟಿನ ಆಸುಪಾಸು ಎಳೆದರೂ ಶುರುವಾಗುವ ಕ್ಷಣದಲ್ಲಿ ಅದರ ಇಮ್ಮಡಿಗೆ ಬಾಯಿ ತೆರೆಯುತ್ತದೆ. ಸಾಫ್ಟ್ ಸ್ಟಾರ್ಟರ್ ಎಂಬ ಸಣ್ಣ ಪೆಟ್ಟಿಗೆ ಕೂರಿಸಿದರೆ ಆ ಬಾಯಿ ಸಣ್ಣದಾಗುತ್ತದೆ. ಇಲ್ಲವಾದರೆ ಎರಡು ಚಿಕ್ಕ ಜನರೇಟರನ್ನು ಪ್ಯಾರಲಲ್ ಕೇಬಲ್ಲಿನಿಂದ ಜೋಡಿಸಬೇಕು. ನನ್ನ ಮತ ಯಾವತ್ತೂ ಈ ಜೋಡಿಗೇ. ಒಂದೊಂದು 21 ಕಿಲೋ ಆಸುಪಾಸು, ಒಬ್ಬರೇ ಎತ್ತಬಹುದು. ದೊಡ್ಡದನ್ನು ಇಳಿಸಲು ಇಬ್ಬರು ಬೇಕು, ಆಮೇಲೆ ಆ ಇಬ್ಬರಿಗೂ ಮೂವ್ ಬೇಕು. ಹೋಂಡಾ ಒಂದಕ್ಕೇ ಸಾವಿರ ಡಾಲರ್ ದಾಟುತ್ತದೆ ಎನ್ನುವವರು ಇನ್ನೂ ಅಗ್ಗದ ಚಾಂಪಿಯನ್, ಪ್ರೆಡೇಟರ್ ನೋಡಬಹುದು.

ತಂದದ್ದಾಯಿತು, ಈಗ ಹಗ್ಗ ಎಳೆಯುವ ಕಾರ್ಯಕ್ರಮ. ಮೊದಲು ಅಳಿಯ, ನಂತರ "ಸರೀರಿ ಅಳಿಯಂದ್ರೇ, ನಾವು ಪಂಪ್‌ಸೆಟ್ ಎಳೆದೋರು" ಎನ್ನುತ್ತಾ ಊರಿಂದ ಬಂದ ಮಾವ. ಹೊತ್ತಿಕೊಳ್ಳುತ್ತದೆ, ಚಪ್ಪಾಳೆ ಬೀಳುತ್ತದೆ, ಕೆಲ ನಿಮಿಷಕ್ಕೆ ಕೆಮ್ಮಿ ಆರುತ್ತದೆ. ಟ್ಯಾಂಕಿನ ಮುಚ್ಚಳದ ಮೇಲೆ ಹೆಬ್ಬೆರಳಗಲದ ಒಂದು ಕರಿ ಲಿವರ್ ಇರುತ್ತದೆ, ಗಾಳಿ ಆಡುವ ಕಿಂಡಿಯದು. ಅದು ಆಫ್‌ನಲ್ಲಿದ್ದರೆ ಪೆಟ್ರೋಲು ಕೆಳಗಿಳಿಯದೆ ಎಂಜಿನ್ನು ಉಸಿರು ಕಟ್ಟಿ ನಿಲ್ಲುತ್ತದೆ. ಅದನ್ನು ತಿರುಗಿಸುವವರೆಗೆ ಪ್ಲಗ್ಗು ಬಿಚ್ಚಿದವರೂ ಇದ್ದಾರೆ, ನಿಂಬೆಹಣ್ಣು ಇಟ್ಟವರೂ ಇದ್ದಾರೆ. ಓಡತೊಡಗಿದ ಮೇಲೆ ಟ್ರೇಲರಿನ ಸರ್ಜ್ ಪ್ರೊಟೆಕ್ಟರ್ "ಅರ್ಥ್ ಇಲ್ಲ" ಎಂದು ತಗಾದೆ ತೆಗೆಯುವುದುಂಟು. ಇಂಥ ಜನರೇಟರುಗಳಲ್ಲಿ ನ್ಯೂಟ್ರಲನ್ನು ಅರ್ಥಿಗೆ ಸೇರಿಸಿರುವುದಿಲ್ಲ. ಅದನ್ನು ಸೇರಿಸುವ ಬಾಂಡಿಂಗ್ ಪ್ಲಗ್ ಒಂದು ಸಿಗುತ್ತದೆ. ಅದು ಗೊತ್ತಾಗುವ ಮೊದಲೇ ಶಿವಮೊಗ್ಗದ ಭಾವನವರು ವಾಟ್ಸಾಪಿನಲ್ಲಿ ಕೇಳಿರುತ್ತಾರೆ: "ಗುಂಡಿಗೆ ಉಪ್ಪು, ಇದ್ದಿಲು ಹಾಕಿದ್ರಾ?"

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಮಳೆ ಬಂತೆಂದು, ಕಳ್ಳರ ಭಯವೆಂದು ಜನರೇಟರನ್ನು ಟ್ರೇಲರಿನ ಕೆಳಗೋ ಬಾಗಿಲ ಬಳಿಯೋ ಇಡುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ಇಪ್ಪತ್ತಡಿ ದೂರ ಇಡಿ, ಹೊಗೆಯ ಬಾಯಿ ನಿಮ್ಮ ಕಿಟಕಿಗೂ ಬೇಡ, ಪಕ್ಕದವರ ಕಿಟಕಿಗೂ ಬೇಡ. ಒಳಗಿನ ಅಲಾರಮ್ಮು ಕಿರುಚಿದರೆ ಸೆಲ್ ಕಿತ್ತಿಡದೆ ಎಲ್ಲರೂ ಹೊರಗೆ ಬನ್ನಿ.

ಮನೆಗೆ ಬಂದು ಗ್ಯಾರೇಜಿಗೆ ತಳ್ಳಿದರೆ ಮುಂದಿನ ಬೇಸಿಗೆವರೆಗೆ ಅದರ ನೆನಪಿಲ್ಲ. ಎಥನಾಲ್ ಬೆರೆತ ಪೆಟ್ರೋಲು ಅಷ್ಟರಲ್ಲಿ ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂತಿರುತ್ತದೆ. ಇಡುವ ಮುನ್ನ ಟ್ಯಾಂಕ್ ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವತನಕ ಓಡಿಸಿ ಆರಿಸಿದರೆ ಮೆಕ್ಯಾನಿಕ್ಕಿನ ಮುಖ ನೋಡುವ ಯೋಗ ತಪ್ಪುತ್ತದೆ.

ಈ ಹಗ್ಗಜಗ್ಗಾಟಕ್ಕೂ ಈಗ ಕ್ಯಾಲಿಫೋರ್ನಿಯಾ ಸರ್ಕಾರ ಗಡುವು ಕೊಟ್ಟಿದೆ. 2021ರ ಕಾನೂನಿನ ಹಿಂದೆಯೇ ಬಂದ ನಿಯಮದಂತೆ, 2028ರ ಮಾಡೆಲಿನಿಂದ ಅಲ್ಲಿ ಮಾರುವ ಹೊಸ ಪೋರ್ಟಬಲ್ ಜನರೇಟರು ಹೊಗೆಯನ್ನೇ ಉಗುಳುವಂತಿಲ್ಲ. ಇರುವುದನ್ನು ಬಳಸಲು ಅಡ್ಡಿಯಿಲ್ಲ. ಆದರೂ ಗಡುವಿನ ನೆಪ ಸಾಕಲ್ಲ, ನಮ್ಮ ಯಜಮಾನರು ಆಗಲೇ ಲಿಥಿಯಂ ಪವರ್ ಸ್ಟೇಷನ್ನೂ ಮಡಚುವ ಸೋಲಾರ್ ಪ್ಯಾನೆಲ್ಲೂ ತಂದಿದ್ದಾರೆ. ಎರಡು ಕಿಲೋವಾಟ್-ಗಂಟೆಯ ಪೆಟ್ಟಿಗೆ ಮಾವನವರ ಗೊರಕೆ ತಡೆಯುವ ಯಂತ್ರವನ್ನು ರಾತ್ರಿಯಿಡೀ ಲೀಲಾಜಾಲವಾಗಿ ಓಡಿಸುತ್ತದೆ, ಅದೇ ಹೇರ್ ಡ್ರೈಯರಿಗೆ ಗಂಟೆಯ ಮೇಲೆ ಸ್ವಲ್ಪ ಹೊತ್ತು. ತುಂಬಿಸಲು ಬಿಸಿಲು ಬೇಕು. ಪೈನ್ ಮರಗಳ ಕೆಳಗೆ ಬಿಸಿಲು ಒಂದೆಡೆ ನಿಲ್ಲುವುದಿಲ್ಲ. ಹಾಗಾಗಿ ಯಜಮಾನರು ಬೆಳಗಿನಿಂದ ಪ್ಯಾನೆಲ್ ಹಿಡಿದುಕೊಂಡು ಬಿಸಿಲಿನ ಹಿಂದೆ ಕ್ಯಾಂಪೆಲ್ಲಾ ಸುತ್ತುತ್ತಿದ್ದಾರೆ. ಕುರ್ಚಿಯಲ್ಲಿ ಕೂತ ಮಾವನವರು ಹೊಸ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಳಿಯಂದ್ರೇ, ಇದರ ಹಗ್ಗ ಎಲ್ಲಿ?" ಎನ್ನುತ್ತಿದ್ದಾರೆ.