ಡಿಪಿಆರ್ ರಾಯರು

ಬೆಂಗಳೂರಿನ ಅಂಚಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ದೇವನಹಳ್ಳಿ ಕಡೆಯಾಗಲಿ, ಚಿಕ್ಕಬಾಣಾವರದ ಆಚೆಯಾಗಲಿ, ಕೆಂಗೇರಿ ದಾಟಿಯಾಗಲಿ, ಕಾವೇರಿ ನೀರು ಬರುವ ಮೊದಲೇ, ಚರಂಡಿ ತೋಡುವ ಮೊದಲೇ ಬಂದು ಮನೆ ಕಟ್ಟಿಕೊಂಡಿರುತ್ತಾರೆ. ಸಂಜೆ ಹಾಲಿನ ಬೂತಿನ ಮುಂದೆ ನಿಂತು, ನೀಲಗಿರಿ ತೋಪಿನ ಕಡೆ ಕೈ ಚಾಚಿ, "ಅಲ್ಲಿ ನೋಡಿ, ಪ್ಲಾಟ್‌ಫಾರ್ಮು" ಅನ್ನುತ್ತಾರೆ. ನೀವು ನೋಡುತ್ತೀರಿ. ಎರಡು ಎಮ್ಮೆ ಕಾಣುತ್ತವೆ. "ಎಡಗಡೆ ಎಮ್ಮೆ ನಿಂತಿದೆಯಲ್ಲ, ಅದು ಟಿಕೆಟ್ ಕೌಂಟರು."

ನಮ್ಮ ರಾಯರು ಇರುವುದು ಚಂದಾಪುರದ ಹಿಂದೆ, ಹೀಲಲಿಗೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಸಾರ್ವಜನಿಕ ಉದ್ದಿಮೆಯೊಂದರಿಂದ ನಿವೃತ್ತರಾದವರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಈಗ ಆಧಾರ್ ಕಾರ್ಡಿಗೆ ಮಾತ್ರ ಗೊತ್ತು. ಸಬರ್ಬನ್ ರೈಲಿನ ಯೋಜನಾ ವರದಿಯನ್ನು ಸುಂದರಕಾಂಡದ ಪಕ್ಕದಲ್ಲಿಟ್ಟುಕೊಂಡು, "ಡಿಪಿಆರ್‌ನಲ್ಲಿ ಹಾಗಿಲ್ಲ ಸ್ವಾಮಿ" ಎಂದೇ ಮಾತು ಶುರು ಮಾಡುವುದರಿಂದ ಅವರು ಡಿಪಿಆರ್ ರಾಯರು. ಕೊರಿಯರ್ ಹುಡುಗನೂ ಹಾಗೆ ಕೇಳಿದರೇ ಮನೆ ತೋರಿಸುತ್ತಾರೆ.

ಈ ಯೋಜನೆಯಲ್ಲಿ ನಾಲ್ಕು ಕಾರಿಡಾರುಗಳಿವೆ, ನಾಲ್ಕಕ್ಕೂ ಹೂವಿನ ಹೆಸರು. ಬೆಂಗಳೂರು ಸಿಟಿಯಿಂದ ದೇವನಹಳ್ಳಿಗೆ ಸಂಪಿಗೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಪಾರಿಜಾತ. ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. ಹೊಸದಾಗಿ ಯಾರೇ ಪರಿಚಯವಾಗಲಿ, ಹಳಬರು ಗೋತ್ರ ಕೇಳುತ್ತಿದ್ದ ಧಾಟಿಯಲ್ಲಿ ರಾಯರು "ತಮ್ಮದು ಯಾವ ಕಾರಿಡಾರು?" ಎಂದು ಕೇಳುತ್ತಾರೆ. "ಮಲ್ಲಿಗೆ" ಅಂದರೆ ಮುಖದಲ್ಲಿ ಸಣ್ಣ ಅಸೂಯೆ, ಏಕೆಂದರೆ ಕೆಲಸ ಮೊದಲು ಶುರುವಾದದ್ದು ಅಲ್ಲಿ. "ಸಂಪಿಗೆ" ಅಂದರೆ ಸಂತಾಪ. ಕಾರಿಡಾರೇ ಇಲ್ಲದ ಬನ್ನೇರುಘಟ್ಟ ರಸ್ತೆಯವರು ಬಂದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತಾರೆ, ಮಾತು ಬೆಳೆಸುವುದಿಲ್ಲ.

ರಾಯರ ಉಪನ್ಯಾಸಕ್ಕೆ ವೇದಿಕೆ ರೈಲ್ವೆ ಗೇಟು. ಗೇಟು ಬಿತ್ತೆಂದರೆ ಸ್ಕೂಟರು, ಟೆಂಪೊ, ಐಟಿ ಕಂಪನಿಯ ಬಸ್ಸು, ಹಾಲಿನ ಕ್ಯಾನು ಕಟ್ಟಿಕೊಂಡ ಎಕ್ಸೆಲ್ ಗಾಡಿ ಎಲ್ಲವೂ ಬಂದು ಸಾಲುಗಟ್ಟುತ್ತವೆ. ಯಾರೂ ಓಡಿಹೋಗುವಂತಿಲ್ಲ. ರಾಯರು ಪಕ್ಕದ ಸ್ಕೂಟರಿನವನತ್ತ ತಿರುಗಿ 1983ರಿಂದ ಆರಂಭಿಸುತ್ತಾರೆ. ಆಗಲೇ ರೈಲ್ವೆ ತಂಡವೊಂದು ಬೆಂಗಳೂರಿಗೆ ಉಪನಗರ ರೈಲು ಬೇಕು ಅಂತ ಬರೆದುಕೊಟ್ಟಿತ್ತು. ನಮ್ಮ ಮೆಟ್ರೊ ಮೊದಲ ಸಲ ಓಡಿದ್ದು 2011ರಲ್ಲಿ, ಅಲ್ಲಿಗೆ ಯಾರು ಅಣ್ಣ ಯಾರು ತಮ್ಮ ನೀವೇ ಹೇಳಿ. ಆಮೇಲೆ 2016ರಲ್ಲಿ ಜನ 'ಚುಕುಬುಕು ಬೇಕು' ಅಂತ ಬೀದಿಗಿಳಿದರು. 2018ರ ಕೇಂದ್ರ ಬಜೆಟ್ಟಿನಲ್ಲಿ 160 ಕಿಲೋಮೀಟರಿಗೆ 17,000 ಕೋಟಿ ಅಂದರು. ಅಷ್ಟರಲ್ಲಿ ಪ್ಯಾಸೆಂಜರ್ ಗಾಡಿ ಹೋಗಿ ಗೇಟು ಎದ್ದುಬಿಡುತ್ತದೆ, ಶ್ರೋತೃಗಳು ಹಾರ್ನ್ ಹೊಡೆದು ಪರಾರಿ. ರಾಯರ ಇತಿಹಾಸ 2018 ದಾಟಬೇಕಾದರೆ ಗೂಡ್ಸ್ ಗಾಡಿಯೇ ಬರಬೇಕು. ಐವತ್ತು ಚಿಲ್ಲರೆ ಡಬ್ಬಿಗಳ ಗೂಡ್ಸ್ ಬಂದ ದಿನ ಅವರು 2020ರ ಅಕ್ಟೋಬರಿನ ಸಂಪುಟ ಒಪ್ಪಿಗೆಯನ್ನೂ, 148 ಕಿಲೋಮೀಟರಿಗೆ ಇಳಿದ ಉದ್ದವನ್ನೂ, 15,767 ಕೋಟಿಯ ಲೆಕ್ಕವನ್ನೂ ನಿರಾತಂಕವಾಗಿ ಮುಗಿಸಿ, ಕೇಂದ್ರ ಶೇ 20, ರಾಜ್ಯ ಶೇ 20, ಉಳಿದ 60 ಸಾಲ ಎಂಬಲ್ಲಿಗೆ ಬಂದಿರುತ್ತಾರೆ. "ಸಾಲ ಕೊಡೋರಲ್ಲಿ ಯಾರಿದಾರೆ ಗೊತ್ತೇನು? ಜರ್ಮನಿ!" ಸ್ಕೂಟರಿನವನ ತಲೆಯಲ್ಲಿ ಬೇರೆ ಸಾಲ ಓಡುತ್ತಿರುತ್ತದೆ.

ಅವರ ನಕ್ಷೆಯ ಬಗ್ಗೆ ಹೇಳಲೇಬೇಕು. ಎಂಟು ಮಡಿಕೆಯ ಹಾಳೆ, ಮಡಿಕೆಯಲ್ಲೆಲ್ಲ ಸೆಲ್ಲೊಟೇಪು. ನಾಲ್ಕು ಕಾರಿಡಾರಿಗೆ ಸ್ಕೆಚ್ ಪೆನ್ನಿನ ನಾಲ್ಕು ಬಣ್ಣ. ಒಮ್ಮೆ ಮೆಣಸಿನಕಾಯಿ ಬೋಂಡ ಕಟ್ಟಿಸಿಕೊಂಡು ಬಂದ ಪೊಟ್ಟಣ ಅದರ ಮೇಲೆ ಕೂತು ಎಣ್ಣೆಯ ಕಲೆಯಾಗಿದೆ. ಬೆಳಕಿಗೆ ಹಿಡಿದರೆ ಬೆಳ್ಳಂದೂರು ರಸ್ತೆ ನಿಲ್ದಾಣ ಆಚೆ ಕಡೆಯಿಂದಲೂ ಕಾಣುತ್ತದೆ. ಹೊಸದಾಗಿ ನೋಡಿದವರು ಅದನ್ನು ಕೆರೆಯೆಂದು ತಿಳಿಯುತ್ತಾರೆ. ಬೆಂಗಳೂರಿನ ಮಟ್ಟಿಗೆ ಅದೂ ತಪ್ಪೇನಲ್ಲ.

ಬಡಾವಣೆಯ ಸೈಟ್ ಬ್ರೋಕರು ರಾಯರನ್ನು ಕಂಡುಹಿಡಿದದ್ದು ಈ ನಕ್ಷೆಯಿಂದಲೇ. ಗಿರಾಕಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದವನು ಮೊದಲು ಸೈಟು ತೋರಿಸುವುದಿಲ್ಲ, ರಾಯರನ್ನು ತೋರಿಸುತ್ತಾನೆ. ರಾಯರು ಪಂಚೆ ಬಿಗಿದುಕೊಂಡು ಬಂದು ಅರ್ಧ ಗಂಟೆ ವಿವರಿಸುತ್ತಾರೆ. ಗಿರಾಕಿ ಥರ್ಟಿ ಫಾರ್ಟಿಗೆ ಅಡ್ವಾನ್ಸ್ ಕೊಟ್ಟು ಹೋಗುತ್ತಾನೆ. ರಾಯರಿಗೆ ಕಮಿಷನ್ ಬೇಡ, ಒಬ್ಬ ಮನುಷ್ಯ ಪೂರ್ತಿ ಕೇಳಿದನಲ್ಲ, ಅಷ್ಟು ಸಾಕು. ಬ್ರೋಕರಿನ ಕರಪತ್ರದಲ್ಲಿ "ಸಬರ್ಬನ್ ನಿಲ್ದಾಣಕ್ಕೆ ಐದೇ ನಿಮಿಷ" ಎಂದಿದೆ. ಯಾವ ವಾಹನದಲ್ಲಿ ಎಂದು ಇಲ್ಲ, ಯಾವ ಇಸವಿಯಲ್ಲಿ ಎಂದೂ ಇಲ್ಲ.

ಇಷ್ಟಾದರೂ ರಾಯರನ್ನು ಬರೀ ಕನಸುಗಾರ ಅಂದುಕೊಳ್ಳಬೇಡಿ. ಇರುವ ರೈಲನ್ನು ಅವರಷ್ಟು ಬಲ್ಲವರಿಲ್ಲ. ಹೊಸೂರು ಕಡೆಯಿಂದ ಬರುವ ಲೋಕಲ್ಲಿನಲ್ಲಿ ಅವರಿಗೆ ಖಾಯಂ ಕಿಟಕಿ. ಎದುರಿಗೆ ಒಬ್ಬಾಕೆ ಮಡಿಲಲ್ಲಿ ಚೀಲ ಬಿಚ್ಚಿಕೊಂಡು ಅವರೆಕಾಯಿ ಸುಲಿಯುತ್ತಿರುತ್ತಾಳೆ, ಪಕ್ಕದಲ್ಲಿ ನಾಲ್ವರು ಪೇಪರು ಹಾಸಿ ಇಸ್ಪೀಟು. ಗಾಡಿ ಕಾರ್ಮೆಲರಾಂನಲ್ಲಿ ಬಂದು ನಿಲ್ಲುತ್ತದೆ, ನಿಂತೇ ಇರುತ್ತದೆ. ರಾಯರು ಬಾಗಿಲಿಗೆ ಹೋಗಿ ಸಿಗ್ನಲ್ ನೋಡಿ, ಕಿಸೆಯ ಪುಟ್ಟ ಡೈರಿಯಲ್ಲಿ ಗಂಟೆ ನಿಮಿಷ ಬರೆದುಕೊಂಡು, "ಕ್ರಾಸಿಂಗು. ಎಕ್ಸ್‌ಪ್ರೆಸ್‌ಗೆ ದಾರಿ ಬಿಡ್ತಿದಾರೆ" ಎಂದು ಬೋಗಿಗೆಲ್ಲ ಘೋಷಿಸುತ್ತಾರೆ. ಅವರೆಕಾಯಿಯಾಕೆ ತಲೆ ಎತ್ತದೆ, "ದಿನಾ ನಾವೇ ಬಿಡ್ಬೇಕಾ ಸಾರ್?" ಅನ್ನುತ್ತಾಳೆ.

ನನಗನಿಸುವಂತೆ ಇಡೀ ಯೋಜನಾ ವರದಿಯ ಸಾರ ಆ ಪ್ರಶ್ನೆಯಲ್ಲಿದೆ. ಒಂದೇ ಹಳಿಯ ಮೇಲೆ ದೂರದ ಎಕ್ಸ್‌ಪ್ರೆಸ್ಸು, ಗೂಡ್ಸು, ಊರಿನ ಲೋಕಲ್ಲು ಮೂರೂ ಓಡಬೇಕಾದಾಗ ಕಾಯುವ ಸರದಿ ಯಾವಾಗಲೂ ಲೋಕಲ್ಲಿನದು. ಜೋಡಿ ಹಳಿಯಾದರೂ ಆದ್ಯತೆ ಸಿಗುವುದು ಎಕ್ಸ್‌ಪ್ರೆಸ್ಸಿಗೇ. ಅದಕ್ಕೇ ಪ್ರತ್ಯೇಕ ಹಳಿ, ಅದಕ್ಕೇ ರಾಜ್ಯ ಸರ್ಕಾರವೂ ರೈಲ್ವೆ ಸಚಿವಾಲಯವೂ ಸೇರಿ ಕೆ-ರೈಡ್ ಎಂಬ ಕಂಪನಿ. ಆ ಹಳಿ ಬರುವತನಕ ಬೆಳಿಗ್ಗೆ ಆಫೀಸಿನ ಹೊತ್ತಿಗೆ ಇರುವ ಹಳಿಯ ಮೇಲೇ ಇನ್ನೊಂದು ಮೆಮು ಬಿಟ್ಟರೆ ಯಾರ ಗಂಟು ಹೋಗುತ್ತದೆ ಎಂದು ರಾಯರು ಕೇಳಿದರೆ ನಗುವವರಿಗೂ ಉತ್ತರ ಹೊಳೆಯುವುದಿಲ್ಲ. ಈ ಸರಳ ಬೇಡಿಕೆಗೆ ನಕ್ಷೆಯಲ್ಲಿ ಬಣ್ಣವಿಲ್ಲ ಎಂಬುದೊಂದೇ ಕೊರತೆ.

ರಾಯರ ಷಡ್ಡಕರು ಡೊಂಬಿವಿಲಿಯಲ್ಲಿದ್ದಾರೆ. ಮುಂಬಯಿಯಲ್ಲಿ 1925ರಿಂದಲೇ ವಿದ್ಯುತ್ ಲೋಕಲ್ ಓಡುತ್ತಿದೆ ಎಂದು ರಾಯರು ಪ್ರತಿ ಮದುವೆಮನೆಯಲ್ಲೂ ಅವರ ಕೈ ಹಿಡಿದು ಅಭಿನಂದಿಸುತ್ತಾರೆ. ಬಾಗಿಲಿಗೆ ಜೋತುಬಿದ್ದು ಮೂವತ್ತು ವರ್ಷ ಆಫೀಸಿಗೆ ಹೋದ ಆ ಮನುಷ್ಯ ಎಡ ಭುಜ ನೀವಿಕೊಳ್ಳುತ್ತ ಪಾಯಸದ ಕಡೆ ನೋಡುತ್ತಾರೆ.

2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸುವ ಮಾತಾಡಿದ್ದು ರಾಯರ ಬಾಳಿನ ಮಹಾಪರ್ವ. ಅಂದು ಮನೆಯಲ್ಲಿ ಹೋಳಿಗೆ. ಮರುದಿನದಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಒಂದೊಂದು ತಿಂಗಳಿಗೂ ಕೆಂಪು ಗೆರೆ. ಸ್ಕೂಟರು ಮಾರಿದರು. ಮಗ ಕಾರು ಕೊಡಿಸುತ್ತೇನೆಂದರೆ "ಮನೆ ಮುಂದೆ ರೈಲು ಬರುವಾಗ ಕಾರು ಯಾಕೋ?" ಅಂದರು. ಅವರ ಮನೆಯವರು ಅಂದೇ ಹೇಳಿದ್ದರು: "ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸ್ಬೇಡಿ ಅಂದ್ರೆ, ನೀವು ಇದ್ದ ಟೋಪೀನೂ ಮಾರಿದ್ರಲ್ಲ ರೀ."

ವೈಟ್‌ಫೀಲ್ಡಿನಲ್ಲಿ ಮೊಮ್ಮಗನ ನಾಮಕರಣಕ್ಕೂ ರಾಯರು ರೈಲಿನಲ್ಲೇ ಹೊರಟರು. ಬೈಯಪ್ಪನಹಳ್ಳಿಯಲ್ಲಿ ಇಳಿದು ಇನ್ನೊಂದು ಗಾಡಿಗೆ ಕಾದು ಅವರು ತಲುಪುವ ಹೊತ್ತಿಗೆ ಮಗುವಿಗೆ ಹೆಸರೂ ಆಗಿತ್ತು, ಊಟವೂ ಆಗಿತ್ತು. ಹೆಸರೇನೆಂದು ಕೇಳುವ ಮೊದಲು ಅವರು ಹೇಳಿದ ಮಾತು: "ಕನಕದಲ್ಲಿ ಬಂದು ಪಾರಿಜಾತ ಹಿಡಿದಿದ್ರೆ ಮುಹೂರ್ತಕ್ಕೆ ಮುಂಚೆ ಇಲ್ಲಿರ್ತಿದ್ದೆ."

ಪೆಟ್ಟು ಬಿದ್ದದ್ದು 2025ರ ಆಗಸ್ಟ್ 10ರಂದು. ಮೆಟ್ರೊದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದೇಬಿಟ್ಟಿತು, ಅದೂ ಡ್ರೈವರೇ ಬೇಕಾಗದ ಗಾಡಿ. ಬಡಾವಣೆಗೆ ಬಡಾವಣೆಯೇ ಹೋಗಿ ಸೆಲ್ಫಿ ತೆಗೆದುಕೊಂಡಿತು. ರಾಯರು ಮೂರು ದಿನ ಹಾಲಿನ ಬೂತಿಗೂ ಬರಲಿಲ್ಲ. ಒಂದು ಮಧ್ಯಾಹ್ನ ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೆಟ್ರೊ ಹತ್ತಿದರೆ ಮೂಲೆಯ ಹಿರಿಯ ನಾಗರಿಕರ ಸೀಟಿನಲ್ಲಿ, ಆ ಸೆಕೆಯಲ್ಲೂ ಮಂಕಿ ಕ್ಯಾಪ್ ಹಾಕಿಕೊಂಡು ಒಬ್ಬರು ಕೂತಿದ್ದಾರೆ. ಡೈರಿ ನೋಡಿ ಗುರುತು ಹಿಡಿದೆ. ರಾಯರು ತಬ್ಬಿಬ್ಬಾಗಲಿಲ್ಲ. "ಸ್ಟಡಿ ಮಾಡ್ತಿದೀನಿ ಸ್ವಾಮಿ. ಕನಕ ಬಂದಮೇಲೆ ಪಾಪ ಇವರ ಗತಿ ಏನಾಗುತ್ತೆ ಅಂತ." ಹೇಳಿ, ಎಸಿಯ ಗಾಳಿ ಇನ್ನಷ್ಟು ತಾಗುವಂತೆ ಕ್ಯಾಪಿನ ಅಂಚನ್ನು ಕಿವಿಯಿಂದ ಮೇಲಕ್ಕೆ ಸರಿಸಿಕೊಂಡರು.

ಅಕ್ಟೋಬರಿನಲ್ಲಿ 40 ತಿಂಗಳು ತುಂಬಿದವು. ಕೆಂಪು ಪೆನ್ನನ್ನು ಅವರ ಮನೆಯವರು ಎತ್ತಿ ಮೊಮ್ಮಗನಿಗೆ ಕೊಟ್ಟರು. ಇನ್ನು ರಾಯರ ಕಥೆ ಮುಗಿಯಿತು ಎಂದು ಬೂತಿನ ಮುಂದೆ ಮಾತಾಡಿಕೊಂಡೆವು. ಇಂಥವರ ಕಥೆ ಹಾಗೆಲ್ಲ ಮುಗಿಯುವುದಿಲ್ಲ. ಬೆಂಗಳೂರನ್ನು ಸುತ್ತುವರಿಯುವ 287 ಕಿಲೋಮೀಟರಿನ ವರ್ತುಲ ರೈಲಿನ ಪ್ರಸ್ತಾಪ ಇದೆಯಲ್ಲ, ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು ಸುತ್ತಿ ಬರುವಂಥದ್ದು? ಅದು ಹೀಲಲಿಗೆಯನ್ನೂ ಮುಟ್ಟುತ್ತದೆ. ಕಳೆದ ಭಾನುವಾರ ಬೆಳಿಗ್ಗೆ ಕಾಫಿಗೆ ಮೊದಲೇ ರಾಯರು ನನ್ನ ಮನೆ ಬಾಗಿಲಲ್ಲಿ. ಕೈಯಲ್ಲಿ ಹೊಸ ನಕ್ಷೆ, ಇನ್ನೂ ಒಂದೇ ಮಡಿಕೆ.

"ಸ್ವಾಮಿ, ನಾವಿನ್ನು ಸ್ಟೇಷನ್ ಅಲ್ಲ. ಜಂಕ್ಷನ್ನು."

ಜೊತೆಗೊಂದು ಮನವಿ ಪತ್ರ. ಜಂಕ್ಷನ್ನು ಆಗುವಾಗ ಒಂದನೇ ಪ್ಲಾಟ್‌ಫಾರ್ಮು ನಮ್ಮ ಬಡಾವಣೆಯ ಕಡೆಗೇ ಇರಬೇಕು, ಮೇಲ್ಸೇತುವೆಗೆ ಮೆಟ್ಟಿಲಿನ ಜೊತೆ ಇಳಿಜಾರೂ ಇರಬೇಕು ಎಂದು ನಿವಾಸಿಗಳೆಲ್ಲರ ಪ್ರಾರ್ಥನೆ. ಸಹಿ ಹಾಕಲು ಪೆನ್ನು ತೆಗೆದೆ. ನನಗಿಂತ ಮೊದಲು ಒಂದೇ ಒಂದು ಸಹಿ ಬಿದ್ದಿತ್ತು, ಅವರ ಮನೆಯವರದು. ಸಹಿಯ ಮೇಲೆ ಅವರದೇ ದುಂಡು ಅಕ್ಷರದಲ್ಲಿ ಮೂರನೇ ಬೇಡಿಕೆ: "ಹೆಂಗಸರಿಗೆ ಶೌಚಾಲಯ ಬೇಕು. ನಲ್ಲಿಯಲ್ಲಿ ನೀರೂ ಬರಬೇಕು."