ಶ್ರೀಮಾನ್ ‘ನನ್ನಲ್ಲಿ ಓಡುತ್ತಲ್ಲ ಸಾರ್’ ಅವರಿಗೆ ಅರ್ಪಿಸಿದ ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ, ಕುರ್ಚಿ ಸಿಗದೆ ಪರದೆಯ ಹಿಂದೆ ನಿಂತಿರುವ, ನಿಲ್ಲಲೂ ಜಾಗವಿಲ್ಲದೆ ಮೆಟ್ಟಿಲ ಮೇಲೆ ಕೂತು ಫೋನ್ ಉಜ್ಜುತ್ತಿರುವ ಸಕಲ ಗಣ್ಯರೇ. ತುಂಗೆಯ ನೀರು ಕುಡಿದ ಶಿವಮೊಗ್ಗದವರೇ, ಭದ್ರೆಯ ನೀರು ಕುಡಿದ ಭದ್ರಾವತಿಯವರೇ, ಎರಡೂ ಒಗ್ಗದೆ ಬಾಟಲಿ ನೀರನ್ನೇ ತರಿಸಿಕೊಳ್ಳುವ ಬೆಂಗಳೂರಿನ ಕನ್ಸಲ್ಟೆಂಟರೇ. ಇಯರ್ ಫೈಲಿನ ಹೊಟ್ಟೆಯೊಳಗಿನ ವಾರ್ ಫೈಲುಗಳೇ, ವಾರ್ ಫೈಲುಗಳ ಹೊಟ್ಟೆಯೊಳಗಿನ ಜಾರ್ ಫೈಲುಗಳೇ, ಜಾರ್ ಫೈಲುಗಳೊಳಗೆ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತಿರುವ ಪ್ಲಗಿನ್‌ಗಳೇ. ಮತ್ತು ಈ ಸಂಜೆಯ ಕೇಂದ್ರಬಿಂದು, ಲ್ಯಾಪ್‌ಟಾಪ್ ಕಲಾನಿಧಿ, ಲೋಕಲ್‌ಹೋಸ್ಟ್ ಸಾರ್ವಭೌಮ, ಡೆಮೊ ಧುರಂಧರ, ಶ್ರೀಮಾನ್ ‘ನನ್ನಲ್ಲಿ ಓಡುತ್ತಲ್ಲ ಸಾರ್’ ಅವರೇ,

ತಮ್ಮ ಗುಣಗಾನಕ್ಕೆ ಪದಗಳು ಸಾಲವು. ಆದರೂ ಸಮಿತಿಯವರು ಹಾರಕ್ಕೆ, ಮೈಸೂರು ಪೇಟಕ್ಕೆ, ಹಣ್ಣಿನ ಬುಟ್ಟಿಗೆ ಈಗಾಗಲೇ ದುಡ್ಡು ಕೊಟ್ಟಾಗಿದೆ. ಹಾಗಾಗಿ ಹೊಗಳಲೇಬೇಕು.

ಸಭಿಕರೇ, ಇವರ ಸಾಧನೆ ಸಾಮಾನ್ಯವಲ್ಲ. ಅಡಿಕೆ ಮಂಡಿಯೊಂದಕ್ಕೆ ಇವರು ತಂತ್ರಾಂಶ ಕಟ್ಟಿಕೊಟ್ಟರು. ತೂಕಕ್ಕೊಂದು ಮಾಡ್ಯೂಲ್, ಟೆಂಡರಿಗೊಂದು, ರೈತರ ಪಾವತಿಗೊಂದು. ಎಲ್ಲವನ್ನೂ ಒಂದೇ ಇಯರ್ ಫೈಲಿನಲ್ಲಿ ತುಂಬಿದರು. ಲಾಗ್ ಬರೆಯುವಾಗ ರೈತರ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಮರೆಯಾಗಬೇಕು ಎಂದು ಮಂಡಿಯವರು ಕೇಳಿದ್ದರು. ಅದಕ್ಕೆಂದೇ ಇವರು ಜಾವಾದಲ್ಲಿ ಲಾಗ್ ಬರೆಯುವ ಲೈಬ್ರರಿಯಾದ ಲಾಗ್‌ಫೋರ್‌ಜೆ 2ಕ್ಕೆ ‘ಮುಸುಕು’ ಎಂಬ ಸ್ವಂತ ಲೇಔಟ್ ಪ್ಲಗಿನ್ ಬರೆದರು. ಡೆಮೊದಲ್ಲಿ ಕೊನೆಯ ನಾಲ್ಕು ಬಿಟ್ಟು ಉಳಿದ ಅಂಕಿಗಳೆಲ್ಲ ನಕ್ಷತ್ರ ಚಿಹ್ನೆಯಾಗಿ ಹೊಳೆದವು. (ಚಪ್ಪಾಳೆ. ಮುಂದಿನ ಸಾಲಿನವರು ಮಾತ್ರ.)

ಆಮೇಲೆ ಅದು ಸರ್ವರ್ ಹತ್ತಿತು. ಲಾಗ್ ಫೈಲ್ ತೆರೆದರೆ ಹೀಗೊಂದು ಸಾಲು: ರಾಶಿ 14 ಚೀಲ, ಬೆಟ್ಟೆ 3 ಚೀಲ, ಗೊರಬಲು 2 ಚೀಲ, ಪಾವತಿ ಆಯಿತು, ಖಾತೆ ಸಂಖ್ಯೆ ಇಂಥದ್ದು. ಅಂಕಿ ಒಂದೂ ಬಿಟ್ಟಿಲ್ಲ. ತಾರೀಕಿಲ್ಲ, ಹೊತ್ತಿಲ್ಲ, ಯಾವ ಮಾಡ್ಯೂಲ್ ಬರೆಯಿತೆಂಬ ಗುರುತಿಲ್ಲ. ಇವರಿಗೆ ಫೋನ್ ಮಾಡಿದರೆ ಬಂದ ಉತ್ತರವೇ ಇವರ ಬಿರುದಾಯಿತು.

ಆ ತಾರೀಕಿಲ್ಲದ ಸಾಲೇ ರೋಗ ಹೇಳುತ್ತದೆ, ಓದಲು ಬಂದರೆ. ಸಂರಚನೆಯಲ್ಲಿ ಹೇಳಿದ ಲೇಔಟ್ ಸಿಗದಿದ್ದರೆ ಲಾಗ್‌ಫೋರ್‌ಜೆ ನಿಲ್ಲುವುದಿಲ್ಲ. ‘ಇನ್‌ವ್ಯಾಲಿಡ್ ಎಲಿಮೆಂಟ್ ಆರ್ ಆಟ್ರಿಬ್ಯೂಟ್’ ಎಂದು ಕನ್ಸೋಲಿನಲ್ಲಿ ಒಂದು ಸಾಲು ಗೊಣಗಿ, ತನ್ನ ಡಿಫಾಲ್ಟ್ ಲೇಔಟ್ ತೊಟ್ಟುಕೊಂಡು ಮುಂದೆ ಹೋಗುತ್ತದೆ. ಡಿಫಾಲ್ಟ್ ಎಂದರೆ ಸಂದೇಶ, ಆಮೇಲೆ ಹೊಸ ಸಾಲು, ಅಷ್ಟೇ. ಸರ್ವರ್ ಏಳುವಾಗ ಸುರಿಯುವ ಸಾವಿರ ಸಾಲುಗಳ ನಡುವೆ ಆ ಗೊಣಗಾಟ ಯಾರಿಗೆ ಕೇಳಬೇಕು? ಮುಚ್ಚಿಡಲೆಂದೇ ಬರೆದ ವಸ್ತು ಕಾಣೆಯಾದಾಗ ಎಲ್ಲವನ್ನೂ ಬಿಚ್ಚಿಟ್ಟು ‘ಎಲ್ಲ ಸರಿಯಿದೆ’ ಎನ್ನುವ ವ್ಯವಸ್ಥೆಗೆ ಏನನ್ನಬೇಕು ಸ್ವಾಮಿ! ಕ್ಷಮಿಸಿ. ಇದು ಸನ್ಮಾನ ಸಮಾರಂಭ.

ಪೂಜ್ಯರೇ, ಪ್ಲಗಿನ್ ಪತ್ತೆಯಾಗುವ ಕ್ರಮವನ್ನು ಇಲ್ಲಿ ಹೇಳದಿದ್ದರೆ ನನಗೆ ಇಂದು ನಿದ್ದೆ ಬಾರದು. 1923ರಿಂದ ಕಬ್ಬಿಣ ಕರಗಿಸಿದ ನಮ್ಮ ಭದ್ರಾವತಿ ಕಾರ್ಖಾನೆಯನ್ನು ಕಂಡವರಿಗೆ ಇದು ಕಷ್ಟವಲ್ಲ: ಮಸ್ಟರ್ ರೋಲಿನಲ್ಲಿ ಹೆಸರಿಲ್ಲದವನು ಗೇಟಿನೆದುರು ಎದೆಯುಬ್ಬಿಸಿ ನಿಂತರೂ ಪಾಳಿಗೆ ಸೇರುವುದಿಲ್ಲ. ಲಾಗ್‌ಫೋರ್‌ಜೆ 2 ಕೂಡ ಜಾರ್‌ಗಳೊಳಗಿನ ಕ್ಲಾಸುಗಳನ್ನೆಲ್ಲ ತಡಕುವುದಿಲ್ಲ. ಮೆಟಾ-ಇನ್ಫ್ ಫೋಲ್ಡರಿನ ಆಳದಲ್ಲಿ ‘ಲಾಗ್4ಜೆ2ಪ್ಲಗಿನ್ಸ್.ಡ್ಯಾಟ್’ ಎಂಬ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ ಅದನ್ನು ಮಾತ್ರ ಓದುತ್ತದೆ. ಆ ಪಟ್ಟಿಯನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. ಕಂಪೈಲ್ ಮಾಡುವಾಗ, ಲಾಗ್‌ಫೋರ್‌ಜೆ-ಕೋರ್ ಜಾರ್‌ನೊಳಗಿನ ಅನೋಟೇಶನ್ ಪ್ರೊಸೆಸರ್ ನಿಮ್ಮ ಕ್ಲಾಸಿನ ಮೇಲಿನ ‘ಪ್ಲಗಿನ್’ ಗುರುತು ನೋಡಿ ಬರೆಯುತ್ತದೆ.

ಬರೆಯಲು ಬಿಟ್ಟರೆ! ನಮ್ಮ ಸನ್ಮಾನಿತರು ಡೆಮೊ ಮುಗಿದ ಮೇಲೆ ಮೇವೆನ್‌ನ ಕಂಪೈಲರ್ ವಿಭಾಗದಲ್ಲಿ ಪ್ರೊಸೆಸರ್‌ಗಳ ದಾರಿ ಹೇಳುವಾಗ ಲೊಂಬೊಕ್ ಒಂದನ್ನೇ ಹೆಸರಿಸಿದ್ದರು. ಹಾಗೆ ಹೆಸರಿಸಿದ ಮೇಲೆ ಜಾವಾ ಬೇರೆಡೆ ಹುಡುಕುವುದಿಲ್ಲ. ಲಾಗ್‌ಫೋರ್‌ಜೆ-ಕೋರ್ ಅನ್ನೂ ಅದೇ ದಾರಿಯಲ್ಲಿ ಸೇರಿಸಬೇಕು. ‘ಪ್ರೊಕ್-ನನ್’ ಎಂಬ ಆಯ್ಕೆ ಹಾಕಿ ಪ್ರೊಸೆಸರ್‌ಗಳ ಬಾಯಿಯನ್ನೇ ಹೊಲಿದ ಮಹನೀಯರೂ ಇದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 23ರಿಂದಂತೂ ಕೇಳದೆ ಪ್ರೊಸೆಸರ್ ಓಡುವುದೇ ಇಲ್ಲ, ಸ್ಪಷ್ಟವಾಗಿ ಕೇಳಬೇಕು. ಕೇಳದೆ ಜಾವಾ ಏರಿಸಿದರೆ ನಿನ್ನೆ ಇದ್ದ ಪ್ಲಗಿನ್ ಇವತ್ತು ಮಾಯ.

ಎಲ್ಲ ಜಾರ್‌ಗಳನ್ನೂ ಒಂದೇ ದಪ್ಪ ಜಾರ್ ಮಾಡುವವರ ಪಾಡು ಬೇರೆ. ಎಲ್ಲರ ಪಟ್ಟಿಗೂ ಒಂದೇ ಹೆಸರು, ಒಂದೇ ಜಾಗ; ಒಂದು ಉಳಿದು ಮಿಕ್ಕವು ಹೋಗುತ್ತವೆ. ಲಾಗ್‌ಫೋರ್‌ಜೆಯ ಸ್ವಂತ ಪಟ್ಟಿಯೇ ಹೋದರೆ ತಾರೀಕು ಬರೆಯುವ ‘%ಡಿ’ ಕೂಡ ಅದಕ್ಕೆ ಗುರುತು ಸಿಗದು. ಪಟ್ಟಿಗಳನ್ನು ಬೆಸೆಯುವ ಟ್ರಾನ್ಸ್‌ಫಾರ್ಮರ್ ಮೇವೆನ್‌ನ ಶೇಡ್ ಪ್ಲಗಿನ್‌ಗೆ ಸಿಗುತ್ತದೆ, ಹಾಕಿಕೊಳ್ಳಿ.

ಇನ್ನು ಲೋಕಲ್‌ಹೋಸ್ಟ್ ಸಾರ್ವಭೌಮರ ಮುಖ್ಯ ಲೀಲೆ. ಅಷ್ಟೆಲ್ಲ ಹೇಳಿದ ಮೇಲೆ ಪಟ್ಟಿ ಹುಟ್ಟಿತು, ಸಂತೋಷ. ಆದರೆ ಲಾಗ್‌ಫೋರ್‌ಜೆ-ಕೋರ್ ಇಯರ್‌ನ ಲಿಬ್ ಫೋಲ್ಡರಿನಲ್ಲಿ, ‘ಮುಸುಕು’ ಮಾತ್ರ ಪಾವತಿಯ ವಾರ್ ಫೈಲಿನ ವೆಬ್-ಇನ್ಫ್ ಒಳಗೆ. ಮಗುವಿನ ಕ್ಲಾಸ್‌ಲೋಡರಿಗೆ ತಾಯಿ ಕಾಣುತ್ತಾಳೆ, ತಾಯಿಗೆ ಮಗು ಕಾಣುವುದಿಲ್ಲ. ಜಾವಾ ಸರ್ವರ್‌ಗಳ ನಿಯಮವೇ ಅದು. ಲಾಗ್‌ಫೋರ್‌ಜೆ ಚಾಲ್ತಿಯಲ್ಲಿರುವ ಥ್ರೆಡ್‌ನ ಕ್ಲಾಸ್‌ಲೋಡರನ್ನೂ ಕೇಳಿ ನೋಡುತ್ತದೆ, ನಿಜ. ಆದರೆ ಮೊದಲ ಸಲ ಸಿಕ್ಕ ಪಟ್ಟಿಯನ್ನೇ ಹಿಡಿದು ಕೂರುತ್ತದೆ. ತೂಕದ ಮಾಡ್ಯೂಲ್ ಮೊದಲು ಎದ್ದರೆ ಅದರ ಕಣ್ಣಿಗೆ ಬಿದ್ದಷ್ಟೇ ಲೋಕ. ಇವರ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದದ್ದು ಪಾವತಿಯ ವಾರ್ ಒಂದೇ! ಅಲ್ಲಿ ಓಡದೆ ಇನ್ನೇನು ಮಾಡುತ್ತದೆ? ಅದನ್ನೇ ಹಿಡಿದು ಮಂಡಿಯವರ ಮುಂದೆ ಎದೆ ತಟ್ಟಿಕೊಂಡರಲ್ಲ, ಇವರಿಗೆ ಪೇಟ ತೊಡಿಸಬೇಕೋ ಅಥವಾ... ಅಧ್ಯಕ್ಷರು ಕೆಮ್ಮುತ್ತಿದ್ದಾರೆ. ಸಂಯಮ, ಸಂಯಮ.

ಬಾಟಲಿ ನೀರಿನ ಕನ್ಸಲ್ಟೆಂಟರು ಆಗ ಮಾಚೇನಹಳ್ಳಿ ದಾಟಿ ಕಾರಿನಲ್ಲಿ ಬಂದು ಪರಿಹಾರ ಸೂಚಿಸಿದರು: ಸಂರಚನೆಯಲ್ಲಿ ‘ಪ್ಯಾಕೇಜಸ್’ ಎಂದು ಬರೆದು ಪ್ಲಗಿನ್‌ನ ಪ್ಯಾಕೇಜ್ ಹೆಸರು ಕೊಡಿ, ಹುಡುಕಿಕೊಳ್ಳುತ್ತದೆ. ಎಲ್ಲಿ ಹುಡುಕುತ್ತದೆ ಮಹಾಶಯರೇ? ಕಾಣದ ಕ್ಲಾಸ್‌ಲೋಡರಿನಲ್ಲೇ? ಪಟ್ಟಿ ಇಲ್ಲದಾಗ ಅದು ಉಪಯೋಗಕ್ಕೆ ಬಂದೀತು, ಜಾಗ ತಪ್ಪಿದಾಗ ಬಾರದು. ಮೇಲಾಗಿ ಆ ಸೌಲಭ್ಯ ಕೈಬಿಡಬೇಕಾದದ್ದೆಂದು ಲಾಗ್‌ಫೋರ್‌ಜೆಯವರೇ ಹೇಳಿದ್ದಾರೆ, ಮೂರನೇ ಆವೃತ್ತಿಯಲ್ಲಿ ತೆಗೆದೇ ಹಾಕಿದ್ದಾರೆ.

ಅವರ ಎರಡನೇ ಸಲಹೆ, ಪ್ರತಿ ವಾರ್‌ನಲ್ಲೂ ಒಂದೊಂದು ಲಾಗ್‌ಫೋರ್‌ಜೆ-ಕೋರ್ ಇಡಿ ಎಂದು. 2021ರ ಡಿಸೆಂಬರ್ ಮರೆತುಹೋಯಿತೇ? ಲಾಗ್‌ಫೋರ್‌ಶೆಲ್ ಎಂಬ ತೂತು ಬಯಲಾದಾಗ 2.15, 2.16, 2.17, 2.17.1 ಎಂದು ಒಂದರ ಹಿಂದೊಂದು ಆವೃತ್ತಿ ಬಂತು. ಹಳೆಯ ಜಾರ್ ಎಲ್ಲೆಲ್ಲಿ ಅಡಗಿದೆಯೆಂದು ಪ್ರಪಂಚವೆಲ್ಲ ರಾತ್ರಿ ಹಗಲು ಹುಡುಕಿತು. ಮಾಡ್ಯೂಲಿಗೊಂದು ಪ್ರತಿ ಇಟ್ಟವರೇ ಹೆಚ್ಚು ಬೆವರಿದವರು. 2015ರ ಆಗಸ್ಟಿನಲ್ಲೇ ಬೆಂಬಲ ನಿಂತ ಲಾಗ್‌ಫೋರ್‌ಜೆ 1ನ್ನು ಇನ್ನೂ ಸಾಕುತ್ತಿರುವವರು ಈ ಸಭೆಯಲ್ಲೂ ಇದ್ದಾರೆ, ತಲೆ ತಗ್ಗಿಸಿದ್ದರಿಂದ ಗೊತ್ತಾಯಿತು.

ಕೊನೆಗೆ ಆದದ್ದಿಷ್ಟು. ‘ಮುಸುಕು’ ಬೇರೆ ಮಾಡ್ಯೂಲ್ ಆಯಿತು, ಅದರ ಜಾರ್ ಇಯರ್‌ನ ಲಿಬ್‌ನಲ್ಲಿ ಕೋರ್‌ನ ಪಕ್ಕದಲ್ಲೇ ಕೂತಿತು. ಪಾವತಿಯ ವಾರ್‌ನೊಳಗಿದ್ದ ಅದರ ಪ್ರತಿಯನ್ನು ಅಳಿಸಲಾಯಿತು. ಸರ್ವರ್ ವೈಲ್ಡ್‌ಫ್ಲೈ ಆದ್ದರಿಂದ, ಅದರ ಸ್ವಂತ ಲಾಗಿಂಗ್ ಅಡ್ಡ ಬಾರದಂತೆ ಡಿಪ್ಲಾಯ್‌ಮೆಂಟ್-ಸ್ಟ್ರಕ್ಚರ್ ಕಡತದಲ್ಲಿ ಹೊರಗಿಡಲಾಯಿತು. ನಕ್ಷತ್ರಗಳು ಮರಳಿ ಬಂದವು. ಅಂದೂ ನಮ್ಮ ಧುರಂಧರರು ಹೇಳಿದ್ದು, ‘ನಾನು ಮೊದಲೇ ಹೇಳಿರಲಿಲ್ಲವೇ, ಓಡುತ್ತೆ ಅಂತ!’ ಹಾರ ಹಾಕಿರಪ್ಪ, ಬೇಗ ಹಾಕಿ.

ಸಭಿಕರಲ್ಲಿ ಒಂದು ಬಿನ್ನಹ. ನಾಳೆ ಕಚೇರಿಗೆ ಹೋದವರೇ ‘ಜಾರ್ ಟಿಎಫ್’ ಕೊಟ್ಟು ನಿಮ್ಮ ಪ್ಲಗಿನ್ ಜಾರ್‌ನಲ್ಲಿ ಆ ಡ್ಯಾಟ್ ಕಡತ ಇದೆಯೇ ನೋಡಿ. ‘ಲಾಗ್4ಜೆ2.ಡೀಬಗ್’ ಎಂಬ ಸಿಸ್ಟಮ್ ಪ್ರಾಪರ್ಟಿ ಹಾಕಿ ಒಮ್ಮೆ ಸರ್ವರ್ ಎಬ್ಬಿಸಿ, ಲ್ಯಾಪ್‌ಟಾಪ್ ಅಲ್ಲ, ಸರ್ವರ್! ಏಳುವಾಗಲೇ ಫೈಲ್ ಅಪೆಂಡರಿನ ಲೇಔಟ್ ಯಾವುದೆಂದು ಕೇಳುವ ನಾಲ್ಕು ಸಾಲು ಕೋಡ್ ಬರೆದಿಡಿ. ಮುಸುಕು ಅಲ್ಲಿಲ್ಲದಿದ್ದರೆ ಅಪ್ಲಿಕೇಶನ್ ಏಳಲೇ ಕೂಡದು.