ಕಾರ್ಟು, ಸ್ಪೂಲು ಮತ್ತು ಕಾಂಪೌಂಡು

ಪಕ್ಕದ ಮನೆಯ ರಾಯರು ಆಕಾಶವಾಣಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಾನು ಎಂಬತ್ತರ ದಶಕದಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಓದುವಾಗ ಅಲ್ಲಿನ ಕಾಲೇಜು ರೇಡಿಯೋದಲ್ಲಿ ವಾರಕ್ಕೊಮ್ಮೆ ನಮ್ಮ ಕಡೆಯ ಸಂಗೀತ ಹಾಕುತ್ತಿದ್ದವನು. ಕಾಂಪೌಂಡಿನ ಎರಡೂ ಕಡೆ ರೇಡಿಯೋ ಇದೆ ಅಂದಮೇಲೆ ಮಾತಿಗೆ ಬರವಿಲ್ಲ, ಒಮ್ಮತಕ್ಕೆ ಬರ.

“ಅಮೆರಿಕದ ಹಳೇ ರೇಡಿಯೋ ಮಂದಿ ನಾಲ್ಕು ಜನ ಸೇರಿದರೆ ಯಾವುದನ್ನ ನೆನೆದು ಕಣ್ಣೊರೆಸ್ಕೋತಾರೆ ಗೊತ್ತಾ ರಾಯರೇ? ಕಾರ್ಟ್ ಮಷೀನನ್ನ!” ಅಂದೆ ಮೊನ್ನೆ.

ರಾಯರು ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಸುರಿಯುತ್ತಿದ್ದರು. “ಯಾವುದು, ಆ ಎಂಟು ಟ್ರ್ಯಾಕಿನ ಡಬ್ಬಿಯೇ? ಕಾರಿನಲ್ಲಿ ಹಾಕ್ಕೊಂಡು ತಿರುಗ್ತಿದ್ದರಲ್ಲ?”

ಇಲ್ಲಿಂದಲೇ ಶುರು ನೋಡಿ. ಆ ಎರಡೂ ದಾಯಾದಿಗಳು, ನಿಜ. ಜಾರ್ಜ್ ಈಶ್ ಎಂಬಾತ ಐವತ್ತರ ದಶಕದಲ್ಲಿ ರೂಪಿಸಿದ ಪ್ಲಾಸ್ಟಿಕ್ ಡಬ್ಬಿಯೇ ಎರಡಕ್ಕೂ ಮೂಲ. ಅದರಿಂದ ಒಂದು ಕವಲು ಕಾರಿಗೆ ಹೋಯಿತು, 1966ರ ಮಾದರಿಯ ಫೋರ್ಡ್ ಕಾರುಗಳಿಗೆ ಎಂಟು ಟ್ರ್ಯಾಕಿನ ಟೇಪಾಗಿ ಬಂತು. ಇನ್ನೊಂದು ಕವಲು ಅದಕ್ಕೂ ಮೊದಲೇ ಜಾಹೀರಾತು ಹಾಕುವ ಕಾರ್ಟ್ ಆಗಿ ರೇಡಿಯೋ ಸ್ಟುಡಿಯೋ ಸೇರಿತ್ತು. ಇಲಿನಾಯ್‌ನ ಬ್ಲೂಮಿಂಗ್ಟನ್ ಎಂಬ ಊರಿನ ಡಬ್ಲ್ಯೂಜೆಬಿಸಿ ನಿಲಯದವರು ಅದನ್ನು ಪಳಗಿಸಿದರು. 1959ರಲ್ಲಿ ಕಾಲಿನ್ಸ್ ರೇಡಿಯೋ ಕಂಪನಿ ಪ್ರಸಾರಕರ ವಾರ್ಷಿಕ ಸಮಾವೇಶದಲ್ಲಿ ಅದನ್ನು ಮಾರಾಟಕ್ಕಿಟ್ಟಿತು.

ಡಬ್ಬಿಯ ಒಳಗಿನ ಕಥೆ ಹೇಳದಿದ್ದರೆ ರಾಯರು ಬಿಡುವವರಲ್ಲ. ಎರಡು ತುದಿಯನ್ನೂ ಬೆಸೆದ ಕಾಲಿಂಚು ಅಗಲದ ಟೇಪು, ಒಂದೇ ಒಂದು ಚಕ್ರ. ಕಿರಾಣಿ ಅಂಗಡಿಯವನು ಪೊಟ್ಟಣ ಕಟ್ಟಲು ದಾರದುಂಡೆಯ ಒಳಗಿನ ತುದಿಯನ್ನು ಎಳೆಯುತ್ತಿದ್ದನಲ್ಲ, ಹಾಗೆ ಟೇಪು ಸುರುಳಿಯ ನಡುವಿನಿಂದ ಹೊರಬಂದು, ಹೆಡ್ಡಿನ ಮುಂದೆ ಹಾದು, ಸುರುಳಿಯ ಹೊರಮೈಗೆ ಸುತ್ತಿಕೊಳ್ಳುತ್ತದೆ. ಪದರಗಳು ಒಂದರ ಮೇಲೊಂದು ಜಾರಬೇಕಾದ್ದರಿಂದ ಬೆನ್ನಿಗೆ ಗ್ರಾಫೈಟ್ ಲೇಪ. ಸೆಕೆಂಡಿಗೆ ಏಳೂವರೆ ಇಂಚು ಓಟ. ಮೂವತ್ತು ಸೆಕೆಂಡಿನ ಜಾಹೀರಾತಿಗೆ ಹತ್ತೊಂಬತ್ತು ಅಡಿ ಟೇಪು ಧಾರಾಳ.

ಜಾಣತನ ಇರುವುದು ಮುಂದೆ. ರೆಕಾರ್ಡು ಶುರುವಾದ ಕ್ಷಣದಲ್ಲೇ ಮಷೀನು ಕೇಳುಗನ ಕಿವಿಗೆ ಬೀಳದ ಇನ್ನೊಂದು ಟ್ರ್ಯಾಕಿನಲ್ಲಿ 1000 ಹರ್ಟ್ಸ್‌ನ ಒಂದು ಚೂರು ಸ್ವರ ಬರೆದಿಡುತ್ತದೆ. ಟೇಪು ಒಂದು ಸುತ್ತು ಮುಗಿಸಿ ಬಂದಾಗ ಮಷೀನಿಗೆ ಆ ಸ್ವರ ಕೇಳಿಸುತ್ತದೆ, ನಿಂತುಬಿಡುತ್ತದೆ. ಅಂದರೆ ಜಾಹೀರಾತು ಯಾವಾಗಲೂ ತನ್ನ ಮೊದಲ ಅಕ್ಷರದ ಬಾಗಿಲಲ್ಲೇ ಸಿದ್ಧವಾಗಿ ನಿಂತಿರುತ್ತದೆ. ಹಿಂದಕ್ಕೆ ಸುತ್ತುವ ತಾಪತ್ರಯವಿಲ್ಲ, ಎಲ್ಲಿದೆ ಅಂತ ಹುಡುಕುವ ಗೋಜಿಲ್ಲ. 150 ಹರ್ಟ್ಸ್‌ನ ಇನ್ನೊಂದು ಸ್ವರವನ್ನು ಕೊನೆಗೆ ಹಾಕಿದರೆ ಪಕ್ಕದ ಮಷೀನು ತಾನಾಗಿ ಹೊರಡುತ್ತಿತ್ತು.

“ಹೌದ್ರೀ, ನಿಮ್ಮ ಅಮೆರಿಕದವರಿಗೆ ಹಾಡು ಹಾಡಿನ ಮಧ್ಯೆ ಸೋಪು ಮಾರಬೇಕು. ಅದಕ್ಕೆ ಈ ಡಬ್ಬಿ. ನಮ್ಮ ವಿವಿಧಭಾರತಿಯಲ್ಲಿ ಜಾಹೀರಾತು ಅನ್ನೋದು ಬಂದಿದ್ದೇ 1967ರ ನವೆಂಬರ್‌ನಲ್ಲಿ, ಅದೂ ಮೊದಲು ಮುಂಬಯಿ, ಪುಣೆ, ನಾಗಪುರಕ್ಕೆ. ಅಲ್ಲಿವರೆಗೆ ಯಾವ ಅವಸರ?” ಅಂದರು ರಾಯರು. ಮಾತು ಒರಟು, ಆದರೆ ಸುಳ್ಳಲ್ಲ. ಕಾರ್ಟು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ.

ನಮ್ಮದು ಕಾಲೇಜು ರೇಡಿಯೋ, ಜಾಹೀರಾತಿಗೆ ಅಪ್ಪಣೆಯಿಲ್ಲ. ಆದರೂ ಗೋಡೆ ತುಂಬ ಕಾರ್ಟುಗಳು: ಗಂಟೆಗೊಮ್ಮೆ ನಿಲಯದ ಗುರುತು ಹೇಳಲೇಬೇಕೆಂಬ ಕಾನೂನಿದೆಯಲ್ಲ, ಅದಕ್ಕೊಂದು, ರಕ್ತದಾನಕ್ಕೊಂದು, ಹಿಮ ಬಿದ್ದು ತರಗತಿ ರದ್ದಾದರೆ ಒಂದು. ಪ್ರತಿಯೊಂದರ ಅಂಚಿಗೂ ಟೈಪು ಮಾಡಿದ ಚೀಟಿ. ಹೆಸರು, ಎಷ್ಟು ಸೆಕೆಂಡು, ಮತ್ತು ಮುಖ್ಯವಾಗಿ ಅದರಲ್ಲಿ ಕೊನೆಗೆ ಬರುವ ಮೂರು ನಾಲ್ಕು ಪದಗಳು. ಆ ಪದ ಕಿವಿಗೆ ಬಿದ್ದರೆ ಮೈಕು ತೆರೆಯಬೇಕು ಅಂತ ಲೆಕ್ಕ. ಕಾರ್ಯಕ್ರಮಕ್ಕೆ ಕೂರುವ ಮೊದಲು ಆ ಗಂಟೆಯ ಕಾರ್ಟುಗಳನ್ನೆಲ್ಲ ಎಳೆದು ಸರದಿಯಲ್ಲಿ ಪೇರಿಸಿಟ್ಟುಕೊಂಡರೆ, ಮುಂದಿನ ಅರವತ್ತು ನಿಮಿಷ ಎಷ್ಟು ಎತ್ತರವಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. ಹಾಕಿದ್ದು ಎಡಕ್ಕೆ, ಹಾಕಬೇಕಾದ್ದು ಬಲಕ್ಕೆ. ಸ್ಟಾರ್ಟ್ ಒತ್ತಿದರೆ ಸೊಲೆನಾಯ್ಡು ರಬ್ಬರ್ ರೋಲರನ್ನು ತಿರುಗುವ ದಂಡಕ್ಕೆ ಅದುಮುವ ‘ಟಕ್’. ಅಲ್ಲಿನ ಹಳಬರು ಬಾಯಿ ಬಿಟ್ಟು ನೆನೆಯುವುದು ಈ ಟಕ್ ಅನ್ನೇ. ಮೈಕು ತೆರೆದಿದ್ದರೆ ಅದು ಊರಿಗೆಲ್ಲ ಕೇಳಿಸುತ್ತಿತ್ತು ಅನ್ನುವುದನ್ನು ಮರೆತಿರುತ್ತಾರೆ.

ಅಳಿಸುವುದಂತೂ ಒಂದು ಸಂಭ್ರಮ. ಸಾಮಾನ್ಯವಾಗಿ ಮಷೀನಿನಲ್ಲಿ ಅಳಿಸುವ ಹೆಡ್ಡೇ ಇರುತ್ತಿರಲಿಲ್ಲ. ಮೂಲೆಯಲ್ಲಿ ಒಂದು ದೊಡ್ಡ ವಿದ್ಯುದಯಸ್ಕಾಂತ ಗುಂಯ್ ಅನ್ನುತ್ತ ಕೂತಿರುತ್ತಿತ್ತು. ಕೈಗಡಿಯಾರ ಬಿಚ್ಚಿಟ್ಟು, ಕಾರ್ಟನ್ನು ಅದರ ಮೇಲೆ ಆಡಿಸಿ, ಮೆಲ್ಲಗೆ ಮೊಳದುದ್ದ ದೂರಕ್ಕೆ ಒಯ್ದು, ಆಮೇಲಷ್ಟೇ ಸ್ವಿಚ್ಚು ಆರಿಸಬೇಕು. ಅವಸರಪಟ್ಟರೆ ಟೇಪಿನಲ್ಲಿ ಧಡ್ ಧಡ್ ಸದ್ದು ಉಳಿದುಬಿಡುತ್ತದೆ. ಅಳಿಸದೆ ರೆಕಾರ್ಡು ಮಾಡಿದರೆ ಹಳೆಯದು ಹೊಸದರ ಅಡಿಯಲ್ಲಿ ಗೊಣಗುತ್ತಿರುತ್ತದೆ. ಅದರ ಮೇಲೆ, ಬೆಸೆದ ಜಾಗ ಹೆಡ್ಡು ದಾಟಿದೆಯೋ ಇಲ್ಲವೋ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಮೊದಲ ಪದವೇ ಗುಳುಂ.

ರಾಯರು ಚೊಂಬು ಕೆಳಗಿಟ್ಟರು. ಎಂಜಿನಿಯರು ಚೊಂಬು ಕೆಳಗಿಟ್ಟರೆ ಲೆಕ್ಕ ಶುರುವಾಯಿತು ಅಂತಲೇ ಅರ್ಥ. “ಸ್ಟೀರಿಯೋ ಬಂದಮೇಲೆ ಇದು ಹೇಗೆ ನಡೀತು? ಏಳೂವರೆ ಇಂಚಿನ ಓಟದಲ್ಲಿ 10,000 ಹರ್ಟ್ಸ್‌ನ ಒಂದು ಅಲೆ ಟೇಪಿನ ಮೇಲೆ ಇಂಚಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಟೇಪು ಅದರರ್ಧದಷ್ಟು ಓರೆಯಾದರೆ ಸಾಕು, ಮೋನೋ ರೇಡಿಯೋದಲ್ಲಿ ಕೇಳುವವನಿಗೆ ಎಡ ಬಲ ಎರಡೂ ಒಂದನ್ನೊಂದು ಹೊಡೆದುಹಾಕಿ, ತಾಳದ ಝಣತ್ಕಾರವೇ ಮಾಯ!”

ಅದು ನಿಜಕ್ಕೂ ಅಲ್ಲಿನ ಎಂಜಿನಿಯರುಗಳ ತಲೆನೋವಾಗಿತ್ತು. ಅಷ್ಟೇ ಅಲ್ಲ, ಒಳಗಿನ ಸ್ಪಂಜಿನ ಮೆತ್ತೆ ಪುಡಿಯಾಗುತ್ತದೆ, ಗ್ರಾಫೈಟ್ ಸವೆದು ಟೇಪು ಕಚ್ಚಿಕೊಳ್ಳುತ್ತದೆ, ಹೆಡ್ಡಿಗೆ ದಿನಾ ಆಲ್ಕೋಹಾಲಿನ ಅಭ್ಯಂಜನ. ನನಗನ್ನಿಸುವುದು ಇಷ್ಟು: ಕಾರ್ಟಿಗಾಗಿ ಹಂಬಲಿಸುವವರ ಗುಂಪಿನಲ್ಲಿ ಮಾತಾಡುವವರೇ ಹೆಚ್ಚು, ರಿಪೇರಿ ಮಾಡಿದವರು ಕಡಿಮೆ. ಗುಂಡಿ ಒತ್ತಿದವನಿಗೆ ಅದು ಟಕ್. ಅದರ ಹೊಟ್ಟೆ ಬಗೆದವನಿಗೆ ಅದು ರಾತ್ರಿ ಬರುತ್ತಿದ್ದ ಫೋನು.

“ನಮ್ಮ ಸ್ಪೂಲು ಟೇಪು ನೋಡಿ, ಬಟ್ಟಬಯಲು. ಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕು, ಬ್ಲೇಡು ಓರೆಯಾಗಿ ಹಿಡಿದು ಕತ್ತರಿಸು, ಅಂಟಿಸು. ಭಾಷಣಕಾರರ ಕೆಮ್ಮು ನೆಲದ ಮೇಲೆ ಬಿದ್ದಿರ್ತಿತ್ತು!” ಅಂದರು ರಾಯರು ಹೆಮ್ಮೆಯಿಂದ. ನೋಡಿ, ಅವರಿಗೂ ಹಂಬಲವಿಲ್ಲವೆಂದಲ್ಲ, ಅವರ ದೇವರು ಬೇರೆ ಅಷ್ಟೆ.

ಕಂಪ್ಯೂಟರು ಬಂದು ಎಲ್ಲ ಹಾಳಾಯಿತು, ಮನುಷ್ಯರ ಕೈಯಾಡುತ್ತಿದ್ದ ಕಾಲ ಅದು ಅಂತ ನಾನು ರಾಗ ಎಳೆದೆ. ತೊಂಬತ್ತರ ದಶಕದಲ್ಲಿ ಹಾರ್ಡ್ ಡಿಸ್ಕು ನುಗ್ಗಿ ಕಾರ್ಟುಗಳು ತಿಪ್ಪೆ ಸೇರಿದ್ದು ನಿಜವೇ. ಆದರೆ ರಾಯರು ಬಿಡಲಿಲ್ಲ. “ಅಲ್ರೀ, ಅದಕ್ಕೆ ಮುಂಚೆ ಜಾಹೀರಾತು ಯಾರು ಓದ್ತಿದ್ದರು?”

ಉದ್ಘೋಷಕನೇ ಓದುತ್ತಿದ್ದ, ಇಲ್ಲವೇ ಗ್ರಾಮಫೋನ್ ತಟ್ಟೆ ಹಾಕುತ್ತಿದ್ದ. ಕಾರ್ಟು ಬಂದ ಮೇಲೆ ಒಮ್ಮೆ ಓದಿ ಮನೆಗೆ ಹೋದರೆ ಆಯಿತು, ಅವನ ದನಿ ತಿಂಗಳುಗಟ್ಟಲೆ ದುಡಿಯುತ್ತಿತ್ತು. ಇಪ್ಪತ್ತನಾಲ್ಕು ಕಾರ್ಟು ಹಿಡಿಯುವ ತಿರುಗುವ ಚಕ್ರವೂ ಬಂತು. ಅದರ ಪಕ್ಕ ದೊಡ್ಡ ಸ್ಪೂಲುಗಳನ್ನಿಟ್ಟು ರಾತ್ರಿಯಿಡೀ ಜನರಿಲ್ಲದೆ ನಿಲಯ ನಡೆಸಿದವರಿದ್ದರು, ಇನ್ನೂ ಎಪ್ಪತ್ತರ ದಶಕದಲ್ಲೇ. ಕಂಪ್ಯೂಟರಿಗೆ ದಾರಿ ಗುಡಿಸಿ ನೀರು ಹಾಕಿದ್ದು ಇದೇ ಡಬ್ಬಿ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಾತು ತಿರುಗಿಸಲು, ಅಂಥದ್ದೊಂದು ಹಳೆಯ ಮಷೀನು ಈಗ ಸಿಕ್ಕರೆ ತರಿಸಬೇಕೆಂದಿದ್ದೇನೆ ಅಂದೆ.

“ತರಿಸಿ, ತರಿಸಿ. ಹೆಡ್ಡು ನಾನು ಸರಿ ಮಾಡಿಕೊಡ್ತೀನಿ” ಅಂದರು, ಕಣ್ಣು ಮಿನುಗಿತು. “ಆದರೆ ಅದು 110 ವೋಲ್ಟಿಂದು.”

“ಟ್ರಾನ್ಸ್‌ಫಾರ್ಮರ್ ಹಾಕೋಣ ರಾಯರೇ.”

“ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಇದೆ. ಹರ್ಟ್ಸ್‌ಗೆ? ಅಲ್ಲಿ 60, ಇಲ್ಲಿ 50. ಹಳೇ ಸಿಂಕ್ರೊನಸ್ ಮೋಟಾರು ಆದರೆ ಏಳೂವರೆ ಇಂಚು ಓಡಬೇಕಾದ್ದು ಆರೂಕಾಲು ಓಡುತ್ತೆ. ಹುಡುಗಿಯರು ಹಾಡಿದ ಜಿಂಗಲ್ಲು ಗಂಡಸರ ಭಜನೆ ಆಗುತ್ತೆ. ಮೂವತ್ತು ಸೆಕೆಂಡಿನ ಸೋಪು ಮೂವತ್ತಾರು ಸೆಕೆಂಡು.” ಒಂದು ಗಳಿಗೆ ಬೆರಳು ಮಡಿಸಿದರು. “ಇನ್ನೊಂದಿದೆ ಕಣ್ರೀ. ಅಲ್ಲಿ ಬರೆದ ಆ 1000 ಹರ್ಟ್ಸ್ ಸ್ವರ ಇಲ್ಲಿ 833 ಆಗಿ ಬರುತ್ತೆ. ಮಷೀನಿಗೆ ಗುರುತೇ ಹತ್ತದೆ ಇರಬಹುದು. ಗುರುತು ಹತ್ತಲಿಲ್ಲ ಅಂದರೆ ನಿಲ್ಲೋದೂ ಇಲ್ಲ. ನಿಮ್ಮ ರಕ್ತದಾನದ ಕಾರ್ಟು ಒಂದಿದ್ದರೆ ಹಾಕಿ, ನಾವು ಪ್ಲಗ್ಗು ಕೀಳೋವರೆಗೂ ಈ ಬೀದಿಯೋರ ರಕ್ತ ಕೇಳ್ತಾ ಇರ್ಲಿ!”